ಜಾಲದ ದಟ್ಟಣೆಯಲ್ಲಿ ಮೊದಲ ಸರದಿ ಯಾರಿಗೆ? ಸ್ವಿಚ್‌ನಲ್ಲಿ ಸೇವಾ ಗುಣಮಟ್ಟದ ವ್ಯವಸ್ಥೆ

ಮುಂಬಯಿಯಿಂದ ಊರಿಗೆ ಕೊಂಕಣ ರೈಲಿನಲ್ಲಿ ಹೋಗಿಬರುವ ಕರಾವಳಿ ಕನ್ನಡಿಗರಿಗೆ ‘ಕ್ರಾಸಿಂಗ್’ ಎಂದರೇನೆಂದು ವಿವರಿಸಬೇಕಾಗಿಲ್ಲ. ರೋಹಾದಿಂದ ತೋಕೂರಿನವರೆಗೆ ಸುಮಾರು 740 ಕಿಲೋಮೀಟರ್ ಉದ್ದದ ಈ ಮಾರ್ಗವು 1998ರ ಜನವರಿಯಲ್ಲಿ ಪೂರ್ಣವಾಗಿ ಸಂಚಾರಕ್ಕೆ ತೆರೆದಾಗ ಒಂಟಿ ಹಳಿಯ ಮಾರ್ಗವಾಗಿತ್ತು. ರೋಹಾ ಮತ್ತು ವೀರ್ ನಡುವಿನ ಭಾಗವು 2021ರಲ್ಲಿ ಜೋಡಿ ಹಳಿಯಾಗಿದ್ದರೂ ಬಹುಭಾಗ ಒಂಟಿ ಹಳಿಯಾಗಿಯೇ ಉಳಿದಿದೆ. ಎದುರಿನಿಂದ ಗಾಡಿ ಬರುತ್ತಿರುವಾಗ ಎರಡರಲ್ಲಿ ಒಂದು ಯಾವುದಾದರೂ ನಿಲ್ದಾಣದ ಬದಿಯ ಹಳಿಯಲ್ಲಿ ಕಾಯಲೇಬೇಕು. ಯಾವುದು ಕಾಯಬೇಕು, ಯಾವುದು ಸಾಗಬೇಕು ಎಂಬುದನ್ನು ಚಾಲಕರು ಆ ಕ್ಷಣದಲ್ಲಿ ತಮ್ಮೊಳಗೆ ಚರ್ಚಿಸಿ ತೀರ್ಮಾನಿಸುವುದಿಲ್ಲ. ಗಾಡಿಗಳ ದರ್ಜೆಯನ್ನು ಮೊದಲೇ ಗೊತ್ತುಮಾಡಲಾಗಿರುತ್ತದೆ. ಅದಕ್ಕನುಗುಣವಾಗಿ ನಿಯಂತ್ರಣ ಕಚೇರಿಯು ಆದೇಶ ನೀಡುತ್ತದೆ.

ಗಣಕಯಂತ್ರಗಳ ಜಾಲದಲ್ಲಿಯೂ ಇಂತಹುದೇ ಏರ್ಪಾಟು ಇದೆ. ಅದನ್ನು ‘ಕ್ವಾಲಿಟಿ ಆಫ್ ಸರ್ವಿಸ್’, ಅಂದರೆ ಸೇವಾ ಗುಣಮಟ್ಟ ಎಂದು ಕರೆಯುತ್ತಾರೆ. ಇಂದು ನಮ್ಮ ನಗರದ ಸಂಘ ಸಂಸ್ಥೆಗಳ ಕಚೇರಿ, ಸಭಾಂಗಣ, ಶಾಲೆ, ಸಹಕಾರಿ ಬ್ಯಾಂಕು ಹಾಗೂ ಉಡುಪಿ ಹೋಟೆಲುಗಳಲ್ಲಿ ದೂರವಾಣಿ, ಕಾವಲು ಕ್ಯಾಮರಾ, ಹಣ ಪಾವತಿ, ಕಾರ್ಯಕ್ರಮದ ನೇರ ಪ್ರಸಾರ ಎಲ್ಲವೂ ಒಂದೇ ತಂತಿಯ ಮೇಲೆ ಸಾಗುತ್ತಿವೆ. ಆದುದರಿಂದ ಈ ಏರ್ಪಾಟಿನ ಸ್ವರೂಪವನ್ನು ತಂತ್ರಜ್ಞರು ಮಾತ್ರವಲ್ಲದೆ ಸಂಸ್ಥೆಗಳ ಪದಾಧಿಕಾರಿಗಳೂ ತಿಳಿದಿರುವುದು ಉಪಯುಕ್ತ. ಇದು ಜಾಲದ ಸಾಮರ್ಥ್ಯವನ್ನು ಎಳ್ಳಷ್ಟೂ ಹೆಚ್ಚಿಸುವುದಿಲ್ಲ ಎಂಬುದನ್ನು ಮೊದಲಿಗೇ ಹೇಳಿಬಿಡಬೇಕು. ದಟ್ಟಣೆಯಾದಾಗ ಯಾರು ಕಾಯಬೇಕೆಂಬುದನ್ನು ಅದು ಮುಂಚಿತವಾಗಿ ಗೊತ್ತುಮಾಡುತ್ತದೆ, ಅಷ್ಟೆ.

ಒಂದೇ ದಾರಿ, ಹಲವು ಪ್ರಯಾಣಿಕರು

ಹಳೆಯ ದೂರವಾಣಿ ವ್ಯವಸ್ಥೆಯಲ್ಲಿ ಪ್ರತಿಯೊಂದು ಕರೆಗೂ ಆರಂಭದಿಂದ ಅಂತ್ಯದವರೆಗೆ ಪ್ರತ್ಯೇಕ ಮಾರ್ಗ ಮೀಸಲಾಗಿರುತ್ತಿತ್ತು. ಮಾರ್ಗ ಸಿಗದಿದ್ದರೆ ಕರೆ ಸೇರುತ್ತಿರಲಿಲ್ಲ. ಸೇರಿದ ಮೇಲೆ ಬೇರೆಯವರ ಕರೆಯಿಂದ ಅದಕ್ಕೆ ಅಡ್ಡಿಯಿರಲಿಲ್ಲ. ಅಂತರ್ಜಾಲದ ಪದ್ಧತಿ ಬೇರೆ. ಇಲ್ಲಿ ಮಾತು, ಚಿತ್ರ, ಪತ್ರ ಎಲ್ಲವನ್ನೂ ಸಣ್ಣ ಸಣ್ಣ ಪ್ಯಾಕೆಟ್‌ಗಳಾಗಿ ತುಂಡರಿಸಿ ಒಂದೇ ದಾರಿಯಲ್ಲಿ ಕಳುಹಿಸಲಾಗುತ್ತದೆ. ಮುಂಬಯಿಯಲ್ಲಿ ಪ್ರಧಾನ ಕಚೇರಿಯಿದ್ದ ವಿದೇಶ ಸಂಚಾರ ನಿಗಮವು 1995ರ ಆಗಸ್ಟ್ 15ರಂದು ಭಾರತದಲ್ಲಿ ಸಾರ್ವಜನಿಕ ಅಂತರ್ಜಾಲ ಸೇವೆಯನ್ನು ಆರಂಭಿಸಿತು. 2002ರ ಏಪ್ರಿಲ್ 1ರಿಂದ ಅಂತರ್ಜಾಲದ ಮೂಲಕ ದೂರವಾಣಿ ಕರೆಗೆ ಅನುಮತಿ ದೊರೆಯಿತು. ಅಂದಿನಿಂದ ಮಾತಿನ ಪ್ಯಾಕೆಟ್‌ಗಳೂ ಕಡತದ ಪ್ಯಾಕೆಟ್‌ಗಳೂ ಒಂದೇ ಸರತಿಯಲ್ಲಿ ನಿಲ್ಲತೊಡಗಿದವು.

ಕಟ್ಟಡದೊಳಗಿನ ಯಂತ್ರಗಳನ್ನು ಪರಸ್ಪರ ಜೋಡಿಸುವ ಪೆಟ್ಟಿಗೆಯೇ ಸ್ವಿಚ್. ಒಂದು ಪೋರ್ಟಿನಿಂದ ಒಳಬಂದ ಪ್ಯಾಕೆಟ್‌ನ ವಿಳಾಸವನ್ನು ಓದಿ, ತಕ್ಕ ಪೋರ್ಟಿನಿಂದ ಅದನ್ನು ಹೊರಕಳುಹಿಸುವುದು ಅದರ ಕೆಲಸ. ಹೊರದಾರಿಯು ಖಾಲಿಯಿದ್ದರೆ ಪ್ಯಾಕೆಟ್ ತಕ್ಷಣ ಹೊರಡುತ್ತದೆ. ಆಗ ಆದ್ಯತೆಯ ಪ್ರಶ್ನೆಯೇ ಏಳುವುದಿಲ್ಲ. ಹಲವು ಪೋರ್ಟ್‌ಗಳಿಂದ ಬಂದ ಪ್ಯಾಕೆಟ್‌ಗಳು ಒಂದೇ ಪೋರ್ಟಿನ ಮೂಲಕ ಹೊರಹೋಗಬೇಕಾದಾಗ, ಅಥವಾ ವೇಗದ ದಾರಿಯಿಂದ ಬಂದುದು ನಿಧಾನದ ದಾರಿಗೆ ಇಳಿಯಬೇಕಾದಾಗ ಮಾತ್ರ ಸಾಲು ಬೆಳೆಯುತ್ತದೆ. ಆದ್ಯತೆ ಕೆಲಸ ಮಾಡುವುದು ಸಾಲು ಇರುವಲ್ಲಿ ಮಾತ್ರ. ಸಾಲು ಎಲ್ಲಿ ಬೆಳೆಯುತ್ತಿದೆ ಎಂಬುದನ್ನು ಮೊದಲು ಕಂಡುಹಿಡಿಯದೆ ಮಾಡಿದ ಅಳವಡಿಕೆಗಳು ಬಹುಮಟ್ಟಿಗೆ ನಿಷ್ಫಲವಾಗುತ್ತವೆ.

ವಿಳಂಬವನ್ನು ಸಹಿಸುವವರು, ಸಹಿಸದವರು

ಎಲ್ಲ ಸಂಚಾರವೂ ವಿಳಂಬದಿಂದ ಒಂದೇ ರೀತಿ ಬಾಧಿತವಾಗುವುದಿಲ್ಲ. ಮಿಂಚಂಚೆಯು ಹತ್ತು ಸೆಕೆಂಡು ತಡವಾದರೆ ಯಾರೂ ಗಮನಿಸುವುದಿಲ್ಲ. ಕಡತ ವರ್ಗಾವಣೆಯಲ್ಲಿ ಪ್ಯಾಕೆಟ್ ಕಳೆದುಹೋದರೆ ಅದನ್ನು ಮತ್ತೆ ಕಳುಹಿಸಲಾಗುತ್ತದೆ. ಮಾತಿನ ವಿಚಾರ ಹಾಗಲ್ಲ; ತಡವಾಗಿ ಬಂದ ಅಕ್ಷರವನ್ನು ಕಿವಿ ಸ್ವೀಕರಿಸುವುದಿಲ್ಲ.

ಒಂದು ತಾಳಮದ್ದಳೆಯನ್ನು ಭಾವಿಸೋಣ. ಒಬ್ಬ ಅರ್ಥಧಾರಿ ಮಾಟುಂಗದ ಸಭಾಂಗಣದಲ್ಲಿದ್ದಾರೆ. ಇನ್ನೊಬ್ಬರು ವಯಸ್ಸಿನ ಕಾರಣದಿಂದ ಪಯಣಿಸಲಾರದೆ ಮಂಗಳೂರಿನ ಮನೆಯಿಂದಲೇ ಅರ್ಥ ಹೇಳುತ್ತಿದ್ದಾರೆ. ಎದುರಾಳಿಯ ಮಾತು ಮುಗಿಯುವ ಹೊತ್ತಿಗೆ ಉತ್ತರ ಹೊರಡಬೇಕಾದ ಈ ಕಲೆಯಲ್ಲಿ ಅರ್ಧ ಸೆಕೆಂಡಿನ ತಡೆಯೂ ಸಂವಾದದ ಬಿಗುವನ್ನು ಕೆಡಿಸುತ್ತದೆ. ಇಬ್ಬರೂ ಏಕಕಾಲಕ್ಕೆ ಮಾತನಾಡತೊಡಗುತ್ತಾರೆ. ಬಳಿಕ ಇಬ್ಬರೂ ಸುಮ್ಮನಾಗುತ್ತಾರೆ. ಅದೇ ವೇಳೆಗೆ ಸಭಾಂಗಣದ ಹಿಂಬದಿಯಲ್ಲಿ ಛಾಯಾಗ್ರಾಹಕರು ಅಂದಿನ ಚಿತ್ರಗಳನ್ನು ದೂರದ ಸಂಗ್ರಹಕ್ಕೆ ಏರಿಸತೊಡಗಿದ್ದಾರೆಂದು ಇಟ್ಟುಕೊಳ್ಳಿ. ಅವರದು ತಪ್ಪಲ್ಲ, ಅದು ಅವರ ಕೆಲಸ. ಆದರೆ ಅವರ ಪ್ಯಾಕೆಟ್‌ಗಳ ಹಿಂದೆ ನಿಂತು ಹಿರಿಯ ಕಲಾವಿದರ ಮಾತು ಒಡೆದು ಚೂರಾಗುತ್ತದೆ.

ಇದರ ಹಿಂದಿನ ಲೆಕ್ಕ ಸರಳವಾದುದು. ಅಂತಾರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಜಿ.114 ಶಿಫಾರಸ್ಸಿನಂತೆ ಏಕಮುಖ ವಿಳಂಬವು 150 ಮಿಲಿಸೆಕೆಂಡಿನೊಳಗೆ ಇದ್ದರೆ ಹೆಚ್ಚಿನ ಸಂಭಾಷಣೆಗಳು ಸುಗಮವಾಗಿರುತ್ತವೆ. ಬೆಳಕು ಗಾಜಿನ ಎಳೆಯಲ್ಲಿ ಒಂದು ಮಿಲಿಸೆಕೆಂಡಿಗೆ ಸುಮಾರು 200 ಕಿಲೋಮೀಟರ್ ಸಾಗುವುದರಿಂದ ಮುಂಬಯಿ ಮತ್ತು ಮಂಗಳೂರಿನ ದೂರಕ್ಕೆ ಬೇಕಾದುದು ಕೆಲವೇ ಮಿಲಿಸೆಕೆಂಡು. ಮಾತನ್ನು ಪ್ಯಾಕೆಟ್‌ಗಳಾಗಿ ಕಟ್ಟಲು ಸಾಮಾನ್ಯವಾಗಿ 20 ಮಿಲಿಸೆಕೆಂಡು ಬೇಕು. ಪ್ಯಾಕೆಟ್‌ಗಳು ಏರುಪೇರಾಗಿ ಬರುವುದನ್ನು ಸರಿದೂಗಿಸಲು ಕೇಳುವ ಕಡೆಯ ಯಂತ್ರವು ಇನ್ನೂ ಕೆಲವು ಹತ್ತು ಮಿಲಿಸೆಕೆಂಡು ಕಾಯುತ್ತದೆ. ಉಳಿದ ಅವಧಿಯನ್ನು ನುಂಗಿಹಾಕುವುದು ನಡುವಣ ಸರತಿ ಸಾಲುಗಳೇ. ಸೆಕೆಂಡಿಗೆ 10 ಮೆಗಾಬಿಟ್ ವೇಗದ ಹೊರದಾರಿಯಲ್ಲಿ 1500 ಬೈಟಿನ ಒಂದು ಪ್ಯಾಕೆಟ್ ಹೊರಡಲು 1.2 ಮಿಲಿಸೆಕೆಂಡು ಬೇಕು. ಮುಂದೆ ಇಂತಹ ನೂರು ಪ್ಯಾಕೆಟ್‌ಗಳು ನಿಂತಿದ್ದರೆ 120 ಮಿಲಿಸೆಕೆಂಡು ಅಲ್ಲಿಯೇ ಕಳೆಯುತ್ತದೆ.

ಇಲ್ಲಿ ಒಂದು ಮಿತಿಯನ್ನೂ ಹೇಳಬೇಕು. ಅರ್ಥಧಾರಿಗಳ ಸಂವಾದವನ್ನು ದೂರದಿಂದ ನಡೆಸಬಹುದಾದರೂ ಭಾಗವತರ ಹಾಡಿಗೆ ಮದ್ದಳೆಯನ್ನು ಬೇರೆ ಊರಿನಿಂದ ನುಡಿಸುವುದು ಈ ಪದ್ಧತಿಯಲ್ಲಿ ಸಾಧ್ಯವಾಗುವುದಿಲ್ಲ. ತಾಳವು ಸಹಿಸುವ ಅಂತರವು ಮಾತು ಸಹಿಸುವ ಅಂತರಕ್ಕಿಂತ ಬಹಳ ಕಡಿಮೆ. ಹಿಮ್ಮೇಳ ಒಂದೇ ವೇದಿಕೆಯಲ್ಲಿ ಇರಲೇಬೇಕು.

ಪ್ಯಾಕೆಟ್‌ನ ಹಣೆಯ ಮೇಲಿನ ಗುರುತು

ಆದ್ಯತೆ ನೀಡಬೇಕಾದರೆ ಮೊದಲು ಯಾವ ಪ್ಯಾಕೆಟ್ ಯಾವ ವರ್ಗದ್ದೆಂದು ತಿಳಿಯಬೇಕು. ನಮ್ಮ ನಗರದ ಡಬ್ಬಾವಾಲರು ಮುಚ್ಚಳದ ಮೇಲಿನ ಬಣ್ಣ ಮತ್ತು ಅಕ್ಷರಗಳ ಗುರುತನ್ನು ನೋಡಿಯೇ ಡಬ್ಬಿಗಳನ್ನು ವಿಂಗಡಿಸುತ್ತಾರೆ. ಒಳಗೆ ಏನಿದೆಯೆಂದು ತೆರೆದು ನೋಡುವುದಿಲ್ಲ. ಸ್ವಿಚ್ ಕೂಡ ಹಾಗೆಯೇ. ಡಬ್ಬಿಯ ಗುರುತು ಊರು, ಕಟ್ಟಡಗಳನ್ನು ತಿಳಿಸಿದರೆ ಪ್ಯಾಕೆಟ್‌ನ ಈ ಗುರುತು ಅದಕ್ಕೆ ಸಲ್ಲಬೇಕಾದ ದರ್ಜೆಯನ್ನು ತಿಳಿಸುತ್ತದೆ.

ಗುರುತು ಹಾಕಲು ಎರಡು ಸ್ಥಳಗಳಿವೆ. ಮೊದಲನೆಯದು ಈಥರ್‌ನೆಟ್ ಮಟ್ಟದಲ್ಲಿ. 802.1ಕ್ಯೂ ಮಾನಕದಂತೆ ಫ್ರೇಮಿಗೆ 4 ಬೈಟಿನ ಒಂದು ಚೀಟಿಯನ್ನು ಸೇರಿಸಲಾಗುತ್ತದೆ. ಅದರಲ್ಲಿ 12 ಬಿಟ್‌ಗಳು ಯಾವ ಉಪಜಾಲಕ್ಕೆ ಸೇರಿದ್ದೆಂದು ಹೇಳಿದರೆ 3 ಬಿಟ್‌ಗಳು ಆದ್ಯತೆಯನ್ನು ಹೇಳುತ್ತವೆ. ಮೂರು ಬಿಟ್‌ಗಳಿಂದ 0ಯಿಂದ 7ರವರೆಗೆ ಎಂಟು ದರ್ಜೆಗಳು ದೊರೆಯುತ್ತವೆ. ಮಾತಿಗೆ 5 ಎಂಬ ದರ್ಜೆಯನ್ನು ಕೊಡುವುದು ವಾಡಿಕೆ.

ಎರಡನೆಯದು ಐಪಿ ಶಿರೋನಾಮೆಯಲ್ಲಿ. 1981ರ ಮೂಲ ವಿನ್ಯಾಸದಲ್ಲಿಯೇ ಸೇವೆಯ ಬಗೆಯನ್ನು ಸೂಚಿಸಲು ಒಂದು ಬೈಟು ಮೀಸಲಾಗಿತ್ತು. 1998ರ ಡಿಸೆಂಬರಿನಲ್ಲಿ ಅದರ ಅರ್ಥವನ್ನು ಹೊಸದಾಗಿ ನಿರೂಪಿಸಲಾಯಿತು. ಆ ಬೈಟಿನ 6 ಬಿಟ್‌ಗಳಿಗೆ ಡಿಎಸ್‌ಸಿಪಿ ಎಂದು ಹೆಸರು. ಅವುಗಳಿಂದ 64 ಬೇರೆ ಬೇರೆ ಗುರುತುಗಳು ಸಾಧ್ಯ. ಮಾತಿನ ಪ್ಯಾಕೆಟ್‌ಗಳಿಗೆ 46 ಎಂಬ ಗುರುತು ಸಲ್ಲುತ್ತದೆ. ದೃಶ್ಯ ಸಂವಾದಕ್ಕೆ 34 ಎಂಬುದು ರೂಢಿಯಲ್ಲಿದೆ. ಏನೂ ಗುರುತಿಲ್ಲದ ಸಾಮಾನ್ಯ ಸಂಚಾರಕ್ಕೆ 0. ಈಥರ್‌ನೆಟ್ ಚೀಟಿಯು ಒಂದು ಜಾಲದ ಗಡಿ ದಾಟುವಾಗ ಕಳಚಿಹೋಗುತ್ತದೆ. ಐಪಿ ಗುರುತಾದರೋ ಯಾರೂ ಬದಲಿಸದಿದ್ದರೆ ಪ್ಯಾಕೆಟ್‌ನೊಂದಿಗೇ ಸಾಗುತ್ತದೆ.

ನಂಬಿಕೆಯ ಗಡಿ

ಗುರುತನ್ನು ಯಾರು ಹಾಕಬೇಕು? ಪ್ರತಿಯೊಬ್ಬರೂ ತಮ್ಮ ಪ್ಯಾಕೆಟ್‌ಗೆ ತಾವೇ 46 ಎಂದು ಬರೆದುಕೊಂಡರೆ ಆದ್ಯತೆಯ ಅರ್ಥವೇ ಉಳಿಯುವುದಿಲ್ಲ. ನಮ್ಮ ರಸ್ತೆಗಳಲ್ಲಿ ಇದರ ಅನುಭವ ನಮಗಿದೆ. ವಾಹನದ ನೆತ್ತಿಯ ಮೇಲೆ ಕೆಂಪು ದೀಪ ಹೊತ್ತವರು ಹೆಚ್ಚುತ್ತ ಹೋದಂತೆ ದಾರಿ ಬಿಡುವವರ ಮನಸ್ಸಿನಲ್ಲಿ ಆ ದೀಪದ ಬೆಲೆ ಕುಸಿಯುತ್ತ ಹೋಯಿತು. ಕೇಂದ್ರ ಸರಕಾರವು 2017ರ ಮೇ 1ರಿಂದ ಗಣ್ಯರ ವಾಹನಗಳ ದೀಪಗಳನ್ನು ರದ್ದುಪಡಿಸಿ ತುರ್ತು ಸೇವೆಯ ವಾಹನಗಳಿಗೆ ಮಾತ್ರ ದೀಪವನ್ನು ಉಳಿಸಿತು.

ಜಾಲದಲ್ಲಿಯೂ ಇಂತಹ ಗಡಿ ಹಾಕಬೇಕಾಗುತ್ತದೆ. ಅದನ್ನು ನಂಬಿಕೆಯ ಗಡಿ ಎನ್ನುತ್ತಾರೆ. ಸಂಸ್ಥೆಯೇ ಅಳವಡಿಸಿದ ದೂರವಾಣಿ ಉಪಕರಣದ ಗುರುತನ್ನು ಸ್ವಿಚ್ ನಂಬಬಹುದು. ಅತಿಥಿಗಳ ಮೊಬೈಲ್ ಅಥವಾ ಅಪರಿಚಿತ ಗಣಕಯಂತ್ರ ಹಾಕಿದ ಗುರುತನ್ನು ಅಳಿಸಿ 0 ಎಂದು ಬರೆಯುವುದು ಯೋಗ್ಯ. ಅವರನ್ನು ಕೀಳಾಗಿ ಕಾಣುವ ಉದ್ದೇಶ ಇದರಲ್ಲಿಲ್ಲ. ಪರಿಶೀಲಿಸಲಾಗದ ಹಕ್ಕುಸಾಧನೆಯನ್ನು ಒಪ್ಪದಿರುವುದು ಮಾತ್ರ.

ಅಳವಡಿಸುವವರು ಎಡವುವುದು ಹೆಚ್ಚಾಗಿ ಇಲ್ಲಿಯೇ. ಉದಾಹರಣೆಗೆ, ಸಿಸ್ಕೊ ಸಂಸ್ಥೆಯ ಹಳೆಯ ಕ್ಯಾಟಲಿಸ್ಟ್ 2960 ಹಾಗೂ 3560 ಶ್ರೇಣಿಯ ಸ್ವಿಚ್‌ಗಳಲ್ಲಿ ಸೇವಾ ಗುಣಮಟ್ಟದ ವ್ಯವಸ್ಥೆಯು ಮೂಲತಃ ನಿಷ್ಕ್ರಿಯವಾಗಿರುತ್ತದೆ. ಆಗ ಗುರುತುಗಳು ಬದಲಾಗದೆ ದಾಟಿಹೋಗುತ್ತವೆ. ಅದನ್ನು ಚಾಲನೆಗೊಳಿಸಿದ ಕೂಡಲೇ ಎಲ್ಲ ಪೋರ್ಟ್‌ಗಳೂ ನಂಬಿಕೆಗೆ ಅರ್ಹವಲ್ಲದವು ಎಂದು ಪರಿಗಣಿತವಾಗಿ ಎಲ್ಲ ಗುರುತುಗಳೂ 0 ಆಗಿಬಿಡುತ್ತವೆ. ನಂಬಬೇಕಾದ ಪೋರ್ಟ್‌ಗಳನ್ನು ಹೆಸರಿಸುವುದನ್ನು ಮರೆತರೆ ಮಾತಿನ ಗುಣಮಟ್ಟವು ಮೊದಲಿಗಿಂತಲೂ ಕೆಡಬಹುದು. ಹೊಸ ಶ್ರೇಣಿಗಳಲ್ಲಿ ನಡವಳಿಕೆ ಬೇರೆಯಿರುವುದರಿಂದ ತಮ್ಮ ಸ್ವಿಚ್‌ನ ಕೈಪಿಡಿಯನ್ನು ಓದಿಯೇ ಮುಂದುವರಿಯಬೇಕು.

ಸರದಿಯ ಎರಡು ಪದ್ಧತಿಗಳು

ಗುರುತನ್ನು ಓದಿದ ಸ್ವಿಚ್ ಪ್ಯಾಕೆಟ್‌ಗಳನ್ನು ಬೇರೆ ಬೇರೆ ಸಾಲುಗಳಲ್ಲಿ ನಿಲ್ಲಿಸುತ್ತದೆ. ಪ್ರತಿ ಪೋರ್ಟಿಗೂ 4 ಅಥವಾ 8 ಸಾಲುಗಳಿರುವುದು ಸಾಮಾನ್ಯ. ಯಾವ ಸಾಲಿನಿಂದ ಮುಂದಿನ ಪ್ಯಾಕೆಟ್‌ನ್ನು ತೆಗೆಯಬೇಕು ಎಂಬುದಕ್ಕೆ ಮುಖ್ಯವಾಗಿ ಎರಡು ಪದ್ಧತಿಗಳಿವೆ.

ಮೊದಲನೆಯದು ಕಟ್ಟುನಿಟ್ಟಿನ ಆದ್ಯತೆ. ಮೇಲಿನ ಸಾಲಿನಲ್ಲಿ ಒಂದು ಪ್ಯಾಕೆಟ್ ಇದ್ದರೂ ಕೆಳಗಿನ ಸಾಲುಗಳು ಕಾಯಬೇಕು. ಮಾತಿಗೆ ಇದು ಅತ್ಯುತ್ತಮ. ಆದರೆ ಮೇಲಿನ ಸಾಲು ಬರಿದಾಗದಿದ್ದರೆ ಕೆಳಗಿನವರಿಗೆ ಸರದಿಯೇ ಬರುವುದಿಲ್ಲ. ಆದುದರಿಂದ ಈ ಸಾಲಿಗೆ ಒಂದು ಮೇಲ್ಮಿತಿಯನ್ನು ಹಾಕಬೇಕು. ಹೊರದಾರಿಯ ಸಾಮರ್ಥ್ಯದ ಸುಮಾರು ಮೂರನೆಯ ಒಂದು ಭಾಗವನ್ನು ಅದು ಮೀರದಿರಲಿ ಎಂಬುದು ಈ ವೃತ್ತಿಯಲ್ಲಿ ರೂಢಿಗತವಾದ ಸಲಹೆ. ಮಾತಿಗೆ ಬೇಕಾಗುವ ಸ್ಥಳ ಬಹಳ ಕಡಿಮೆ. ಸಂಕೋಚಿಸದ ಒಂದು ದೂರವಾಣಿ ಕರೆಗೆ, ಶಿರೋನಾಮೆಗಳನ್ನು ಸೇರಿಸಿದರೂ, ಪ್ರತಿ ದಿಕ್ಕಿನಲ್ಲಿ ಸೆಕೆಂಡಿಗೆ ಸುಮಾರು 90 ಕಿಲೋಬಿಟ್ ಸಾಕು.

ಎರಡನೆಯದು ಪಾಲಿನ ಪದ್ಧತಿ. ಪ್ರತಿ ಸಾಲಿಗೂ ಒಂದು ತೂಕವನ್ನು ಗೊತ್ತುಮಾಡಿ ಸರದಿಯಂತೆ ಎಲ್ಲರಿಗೂ ಅವಕಾಶ ನೀಡಲಾಗುತ್ತದೆ. ಪ್ರತಿ ಸುತ್ತಿನಲ್ಲಿ ಪ್ರತಿ ಸಾಲಿನಿಂದ ಒಂದೊಂದು ಪ್ಯಾಕೆಟ್ ತೆಗೆದರೆ ನ್ಯಾಯ ದೊರೆಯದು. ಏಕೆಂದರೆ ಒಬ್ಬರ ಪ್ಯಾಕೆಟ್ 200 ಬೈಟಿನದಾದರೆ ಇನ್ನೊಬ್ಬರದು 1500 ಬೈಟಿನದು. 1989ರಲ್ಲಿ ಡೆಮರ್ಸ್, ಕೇಶವ್ ಮತ್ತು ಶೆಂಕರ್ ಅವರು ಈ ಅನ್ಯಾಯವನ್ನು ಸರಿಪಡಿಸುವ ವಿಧಾನವೊಂದನ್ನು ವಿಶ್ಲೇಷಿಸಿದರು. ಆದರೆ ಅದರ ಗಣಿತವು ವೇಗದ ಯಂತ್ರಗಳಿಗೆ ಭಾರವಾಗಿತ್ತು. 1995ರಲ್ಲಿ ಎಂ. ಶ್ರೀಧರ್ ಮತ್ತು ಜಾರ್ಜ್ ವರ್ಗೀಸ್ ಅವರು ಹಗುರವಾದ ಉಪಾಯವೊಂದನ್ನು ಮಂಡಿಸಿದರು. ಅದರ ಹೆಸರು ‘ಡೆಫಿಸಿಟ್ ರೌಂಡ್ ರಾಬಿನ್’. ಇವರಲ್ಲಿ ವರ್ಗೀಸ್ ಅವರು ನಮ್ಮ ಪವಾಯಿಯ ಐಐಟಿಯಲ್ಲಿ 1981ರಲ್ಲಿ ಪದವಿ ಪಡೆದವರು ಎಂಬುದು ಮುಂಬಯಿಗರಿಗೆ ಸಂತಸದ ವಿಷಯ.

ಈ ಉಪಾಯವು ಅಂಗಡಿಯ ಖಾತೆಯ ಲೆಕ್ಕದಂತಿದೆ. ಪ್ರತಿ ಸುತ್ತಿನಲ್ಲಿ ಪ್ರತಿ ಸಾಲಿನ ಖಾತೆಗೆ ಇಷ್ಟು ಬೈಟು ಎಂದು ಜಮೆಯಾಗುತ್ತದೆ. ಜಮೆಯು 500 ಬೈಟು ಎಂದಿಟ್ಟುಕೊಂಡರೆ 1500 ಬೈಟಿನ ಪ್ಯಾಕೆಟ್ ಮೊದಲ ಎರಡು ಸುತ್ತುಗಳಲ್ಲಿ ಹೊರಡಲಾರದು. ಆದರೆ ಉಳಿಕೆಯು ಮುಂದಿನ ಸುತ್ತಿಗೆ ಸಲ್ಲುವುದರಿಂದ ಮೂರನೆಯ ಸುತ್ತಿನಲ್ಲಿ ಹೊರಡುತ್ತದೆ. ಸಾಲು ಬರಿದಾದರೆ ಉಳಿಕೆಯೂ ರದ್ದಾಗುತ್ತದೆ; ಕೂಡಿಟ್ಟುಕೊಂಡು ಮುಂದೆ ಒಮ್ಮೆಲೇ ನುಗ್ಗುವಂತಿಲ್ಲ. ಹೆಚ್ಚು ತೂಕದ ಸಾಲಿಗೆ ಹೆಚ್ಚು ಜಮೆ ಕೊಟ್ಟರೆ ಪಾಲಿನ ಅನುಪಾತ ತಾನಾಗಿ ಒದಗುತ್ತದೆ.

ಲೋಕಲ್ ಗಾಡಿಯ ಮಹಿಳಾ ಡಬ್ಬಿಗೂ ಇದಕ್ಕೂ ಒಂದು ವ್ಯತ್ಯಾಸವಿದೆ. ಮಹಿಳಾ ಡಬ್ಬಿಯಲ್ಲಿ ಸೀಟು ಖಾಲಿಯಿದ್ದರೂ ಪಕ್ಕದ ಡಬ್ಬಿಯ ಪುರುಷ ಪ್ರಯಾಣಿಕರು ಅಲ್ಲಿಗೆ ಹೋಗುವಂತಿಲ್ಲ. ಅದು ಮೀಸಲಾತಿ. ಪಾಲಿನ ಪದ್ಧತಿಯಲ್ಲಿ ಒಂದು ಸಾಲು ಬರಿದಾಗಿದ್ದರೆ ಅದರ ಪಾಲು ತಕ್ಷಣವೇ ಉಳಿದವರಿಗೆ ಹಂಚಿಹೋಗುತ್ತದೆ. ಬೇಕೆನಿಸಿದಾಗ ಮತ್ತೆ ದೊರೆಯುತ್ತದೆ. ಆದುದರಿಂದ ಪಾಲು ಗೊತ್ತುಮಾಡಿದ ಮಾತ್ರಕ್ಕೆ ಸಾಮರ್ಥ್ಯ ವ್ಯರ್ಥವಾಗುತ್ತದೆಂಬ ಭಯ ಬೇಡ.

ಎರಡೂ ಪದ್ಧತಿಗಳನ್ನು ಕೂಡಿಸಿ ಬಳಸುವುದೇ ಇಂದಿನ ವಾಡಿಕೆ: ಮಾತಿಗೆ ಮಿತಿಯುಳ್ಳ ಕಟ್ಟುನಿಟ್ಟಿನ ಆದ್ಯತೆ, ಉಳಿದೆಲ್ಲಕ್ಕೂ ಪಾಲು. ಕಟ್ಟುನಿಟ್ಟಿನ ಆದ್ಯತೆಯಿದ್ದರೂ ಆಗಲೇ ತಂತಿಗೆ ಇಳಿದಿರುವ ಪ್ಯಾಕೆಟ್ ಮುಗಿಯುವವರೆಗೆ ಕಾಯಲೇಬೇಕು. ಗೂಡ್ಸ್ ಗಾಡಿಯು ಒಂಟಿ ಹಳಿಯನ್ನು ಪ್ರವೇಶಿಸಿದ ಮೇಲೆ ಎಕ್ಸ್‌ಪ್ರೆಸ್ ಗಾಡಿಯೂ ಮುಂದಿನ ನಿಲ್ದಾಣದಲ್ಲಿ ಕಾಯಬೇಕಾಗುತ್ತದಲ್ಲವೆ, ಹಾಗೆ. ಸೆಕೆಂಡಿಗೆ 1 ಮೆಗಾಬಿಟ್ ದಾರಿಯಲ್ಲಿ ಈ ಕಾಯುವಿಕೆ 12 ಮಿಲಿಸೆಕೆಂಡು. 100 ಮೆಗಾಬಿಟ್ ದಾರಿಯಲ್ಲಿ 0.12 ಮಿಲಿಸೆಕೆಂಡು ಮಾತ್ರ. ಕಾರ್ಖಾನೆಗಳಂತಹ ಸೂಕ್ಷ್ಮ ಬಳಕೆಗಾಗಿ ಹೊರಟ ಫ್ರೇಮನ್ನು ನಡುವೆಯೇ ತಡೆಹಿಡಿಯುವ ಮಾನಕಗಳು 2016ರಲ್ಲಿ ಬಂದಿವೆ. ಸಂಘದ ಕಚೇರಿಗೆ ಅವುಗಳ ಅಗತ್ಯವಿಲ್ಲ.

ಉದ್ದವಾದ ಸಾಲೂ ಒಂದು ದೋಷ

ಸಾಲು ತುಂಬಿದಾಗ ಹೊಸದಾಗಿ ಬಂದ ಪ್ಯಾಕೆಟ್‌ನ್ನು ಸ್ವಿಚ್ ಕೈಬಿಡುತ್ತದೆ. ಕೈಬಿಡುವುದು ಕೆಟ್ಟದ್ದೆಂದು ತಿಳಿದು ಉಪಕರಣಗಳಲ್ಲಿ ದೊಡ್ಡ ದೊಡ್ಡ ಸ್ಮೃತಿಯನ್ನು ಇಟ್ಟವರೂ ಇದ್ದರು. ಪರಿಣಾಮ ವಿಪರೀತವಾಯಿತು. 10 ಮೆಗಾಬಿಟ್ ಹೊರದಾರಿಯ ಮುಂದೆ 1 ಮೆಗಾಬೈಟಿನ ಸಾಲು ತುಂಬಿ ನಿಂತರೆ ಕೊನೆಯ ಪ್ಯಾಕೆಟ್ 0.8 ಸೆಕೆಂಡು ಕಾಯಬೇಕು. ಕಡತ ಕಳುಹಿಸುವ ಯಂತ್ರವು ಪ್ಯಾಕೆಟ್ ಕಳೆದುಹೋದುದನ್ನು ಕಂಡೇ ತನ್ನ ವೇಗವನ್ನು ತಗ್ಗಿಸುವುದರಿಂದ, ಏನನ್ನೂ ಕೈಬಿಡದ ಸಾಲು ಅದಕ್ಕೆ ಎಚ್ಚರಿಕೆಯನ್ನೇ ನೀಡುವುದಿಲ್ಲ. ಸಾಲು ಪೂರ್ತಿ ತುಂಬುವ ಮೊದಲೇ ಕೆಲವು ಪ್ಯಾಕೆಟ್‌ಗಳನ್ನು ಕೈಬಿಟ್ಟು ಎಚ್ಚರಿಸುವ ವಿಧಾನವನ್ನು ಸ್ಯಾಲಿ ಫ್ಲಾಯ್ಡ್ ಮತ್ತು ವಾನ್ ಜೇಕಬ್‌ಸನ್ 1993ರಲ್ಲಿ ಸೂಚಿಸಿದರು. ಸಾಲಿನ ಉದ್ದದ ಬದಲು ಕಾಯುವ ಅವಧಿಯನ್ನೇ ಅಳೆಯುವ ವಿಧಾನವು 2012ರಲ್ಲಿ ಬಂದಿತು.

ಒಂದು ಸಭಾಂಗಣದ ಲೆಕ್ಕ

ಮೇಲೆ ಹೇಳಿದ ಸಭಾಂಗಣಕ್ಕೆ ಮರಳೋಣ. ಮೇಲ್ಮಹಡಿಯ ಸ್ವಿಚ್‌ಗೂ ಕೆಳಗಿನ ಕಚೇರಿಯ ಸ್ವಿಚ್‌ಗೂ ನಡುವೆ ಹಳೆಯ 100 ಮೆಗಾಬಿಟ್ ತಂತಿಯೊಂದಿದೆ. ತಲಾ 4 ಮೆಗಾಬಿಟ್‌ನಂತೆ 16 ಕಾವಲು ಕ್ಯಾಮರಾಗಳ ದೃಶ್ಯವು ಕೆಳಗಿನ ಮುದ್ರಣ ಪೆಟ್ಟಿಗೆಗೆ ಹೋಗುತ್ತಿದೆ. ಅಂದರೆ 64 ಮೆಗಾಬಿಟ್ ಸದಾ ಭರ್ತಿ. ಯಾರಾದರೂ ಮೇಲಿನಿಂದ ಕಚೇರಿಯ ಗಣಕಯಂತ್ರಕ್ಕೆ ದೊಡ್ಡ ಕಡತ ಕಳುಹಿಸಿದರೆ ಆ ತಂತಿಯಲ್ಲಿ ಸಾಲು ಬೆಳೆಯುತ್ತದೆ. ಸ್ವಿಚ್‌ನ ಆದ್ಯತೆಯು ಕೆಲಸಕ್ಕೆ ಬರುವುದು ಇಲ್ಲಿಯೇ. ಆದರೆ ತಂತಿಯನ್ನು ಬದಲಿಸಿ ಗಿಗಾಬಿಟ್‌ಗೆ ಏರಿಸುವುದು ಅದಕ್ಕಿಂತ ಸುಲಭ ಮತ್ತು ಶಾಶ್ವತ ಪರಿಹಾರ ಎಂಬುದನ್ನೂ ನೋಡಬೇಕು.

ನಿಜವಾದ ಇಕ್ಕಟ್ಟು ಹೊರಗಿನ ಅಂತರ್ಜಾಲಕ್ಕೆ ಹೋಗುವಲ್ಲಿದೆ. ಏರಿಕೆಯ ವೇಗ 10 ಮೆಗಾಬಿಟ್ ಎಂದಿಟ್ಟುಕೊಳ್ಳೋಣ. ಸ್ವಿಚ್ ಗಿಗಾಬಿಟ್ ವೇಗದಲ್ಲಿ ಸುರಿದುದೆಲ್ಲ ರೂಟರಿನ ಆಚೆ, ಸೇವಾದಾರರ ಪೆಟ್ಟಿಗೆಯಲ್ಲಿ ಸಾಲುಗಟ್ಟುತ್ತದೆ. ಆ ಸಾಲಿನ ಮೇಲೆ ನಮಗೆ ಅಧಿಕಾರವಿಲ್ಲ. ಆದುದರಿಂದ ರೂಟರಿನಲ್ಲಿ ಏರಿಕೆಯನ್ನು 9 ಮೆಗಾಬಿಟ್‌ಗೆ ಮಿತಗೊಳಿಸಬೇಕು. ಹತ್ತನೆಯ ಒಂದು ಭಾಗವನ್ನು ಬಿಟ್ಟುಕೊಟ್ಟಂತೆ ತೋರಿದರೂ, ಹಾಗೆ ಮಾಡಿದಾಗ ಸಾಲು ನಮ್ಮ ಮನೆಯೊಳಗೇ ನಿಲ್ಲುತ್ತದೆ. ನಮ್ಮ ನಿಯಮ ಅದಕ್ಕೆ ಅನ್ವಯಿಸುತ್ತದೆ.

ಈ 9 ಮೆಗಾಬಿಟ್‌ನಲ್ಲಿ ಅರ್ಥಧಾರಿಗಳ ಸಂವಾದದ ಧ್ವನಿ ಮತ್ತು ಕಚೇರಿಯ ಎರಡು ದೂರವಾಣಿಗಳಿಗೆ ಅರ್ಧ ಮೆಗಾಬಿಟ್ ಮೇಲಿನ ಸಾಲು. ಸಂವಾದದ ದೃಶ್ಯಕ್ಕೆ 2 ಮೆಗಾಬಿಟ್ ಪಾಲು. ಪ್ರೇಕ್ಷಕರಿಗೆ ನೇರ ಪ್ರಸಾರಕ್ಕೆ 4 ಮೆಗಾಬಿಟ್ ಪಾಲು. ಏಕಮುಖವಾದ ಪ್ರಸಾರವು ಕೆಲವು ಸೆಕೆಂಡುಗಳ ವಿಳಂಬವನ್ನು ಸಹಿಸುವುದರಿಂದ ಅದಕ್ಕೆ ಬೇಕಾದುದು ಖಚಿತವಾದ ಪಾಲು; ಮೊದಲ ಸರದಿಯಲ್ಲ. ಟಿಕೆಟು ಮತ್ತು ದೇಣಿಗೆಯ ಪಾವತಿ ಯಂತ್ರಗಳಿಗೆ ಅರ್ಧ ಮೆಗಾಬಿಟ್ ಧಾರಾಳವಾಯಿತು. ಉಳಿದ 2 ಮೆಗಾಬಿಟ್ ಸಾಮಾನ್ಯ ಸಾಲಿಗೆ. ಛಾಯಾಗ್ರಾಹಕರೂ ಅತಿಥಿಗಳೂ ಅದರಲ್ಲಿ. 3 ಗಿಗಾಬೈಟ್ ಚಿತ್ರಗಳು ಪೂರ್ಣ 10 ಮೆಗಾಬಿಟ್ ವೇಗ ದೊರೆತಿದ್ದರೆ 40 ನಿಮಿಷಗಳಲ್ಲಿ ಹೋಗುತ್ತಿದ್ದವು; 2 ಮೆಗಾಬಿಟ್‌ನಲ್ಲಿ 3 ಗಂಟೆ 20 ನಿಮಿಷ ಬೇಕು. ಹಿರಿಯ ಕಲಾವಿದರ ಮಾತು ಸ್ಪಷ್ಟವಾಗಿ ಕೇಳಿಸಿದುದರ ಬೆಲೆಯನ್ನು ತೆತ್ತವರು ಛಾಯಾಗ್ರಾಹಕರು. ಆದುದರಿಂದ ಅವರಿಗೆ ಮೊದಲೇ ವಿಷಯ ತಿಳಿಸಿ, ಕಾರ್ಯಕ್ರಮ ಮುಗಿದ ಬಳಿಕ ಏರಿಸುವಂತೆ ವಿನಂತಿಸುವುದು ಸೌಜನ್ಯ.

ಅಳವಡಿಕೆಯ ಕ್ರಮ

1. ಮೊದಲು ಅಳೆಯಿರಿ. ಬಿಡುವಿನ ವೇಳೆಯಲ್ಲಿಯೂ, ದೊಡ್ಡ ಕಡತವೊಂದನ್ನು ಏರಿಸುತ್ತಿರುವಾಗಲೂ ಪಿಂಗ್ ಪರೀಕ್ಷೆ ನಡೆಸಿ ವಿಳಂಬವನ್ನು ಬರೆದಿಡಿ. ಎರಡರ ನಡುವಿನ ಅಂತರವೇ ಸರತಿ ಸಾಲಿನ ಅಳತೆ.

2. ವರ್ಗಗಳು ನಾಲ್ಕನ್ನು ಮೀರದಿರಲಿ: ಮಾತು, ದೃಶ್ಯ, ಕಚೇರಿಯ ಮುಖ್ಯ ಕೆಲಸ, ಸಾಮಾನ್ಯ. ಯಾವುದು ಯಾವ ವರ್ಗವೆಂದು ತಂತ್ರಜ್ಞರು ಒಬ್ಬರೇ ನಿರ್ಧರಿಸದೆ ಕಾರ್ಯಕಾರಿ ಸಮಿತಿಯಲ್ಲಿ ಚರ್ಚಿಸಿ ಬರಹದಲ್ಲಿಡುವುದು ಲೇಸು.

3. ದೂರವಾಣಿಗಳನ್ನೂ ಅತಿಥಿಗಳ ವೈಫೈಯನ್ನೂ ಪ್ರತ್ಯೇಕ ಉಪಜಾಲಗಳಲ್ಲಿಡಿ. ಅನೇಕ ತಂತ್ರಾಂಶಗಳು ಗುರುತು ಹಾಕುವುದೇ ಇಲ್ಲವಾದುದರಿಂದ ಪೋರ್ಟ್ ಅಥವಾ ಉಪಜಾಲದ ಆಧಾರದ ಮೇಲೆ ಸ್ವಿಚ್‌ನಿಂದಲೇ ಗುರುತು ಹಾಕಿಸಿ.

4. ನಂಬುವ ಪೋರ್ಟ್‌ಗಳನ್ನು ಹೆಸರಿಸಿ, ಉಳಿದವುಗಳ ಗುರುತನ್ನು ಅಳಿಸಿ. ಎರಡು ಸ್ವಿಚ್‌ಗಳ ನಡುವಣ ಪೋರ್ಟ್‌ಗಳು ಪರಸ್ಪರ ನಂಬುವಂತಿರಲಿ. ಇಲ್ಲವಾದರೆ ಮೇಲ್ಮಹಡಿಯಲ್ಲಿ ಹಾಕಿದ ಗುರುತು ಕೆಳಮಹಡಿಗೆ ಬರುವಾಗ ಅಳಿದಿರುತ್ತದೆ.

5. ರೂಟರಿನಲ್ಲಿ ಏರಿಕೆಯ ವೇಗವನ್ನು ನೈಜ ವೇಗಕ್ಕಿಂತ ಸ್ವಲ್ಪ ಕಡಿಮೆಗೆ ಮಿತಗೊಳಿಸಿ.

6. ವೇದಿಕೆಯ ಸಂವಾದಕ್ಕೆ ತಂತಿಯನ್ನೇ ಬಳಸಿ. ವೈಫೈಯಲ್ಲಿಯೂ ಮಾತು, ದೃಶ್ಯ, ಸಾಮಾನ್ಯ, ಹಿನ್ನೆಲೆ ಎಂಬ ನಾಲ್ಕು ದರ್ಜೆಗಳಿವೆ; ಆದರೆ ಸಭಿಕರ ನೂರಾರು ಮೊಬೈಲುಗಳು ತುಂಬಿದ ಗಾಳಿಯಲ್ಲಿ ಸ್ವಿಚ್‌ನ ಆದ್ಯತೆ ಏನನ್ನೂ ಮಾಡಲಾರದು.

7. ಮತ್ತೆ ಅಳೆಯಿರಿ. ಪ್ರತಿ ಸಾಲಿನಿಂದ ಕೈಬಿಟ್ಟ ಪ್ಯಾಕೆಟ್‌ಗಳ ಎಣಿಕೆಯನ್ನು ಸ್ವಿಚ್ ತೋರಿಸುತ್ತದೆ. ಮಾತಿನ ಸಾಲಿನಲ್ಲಿ ಈ ಎಣಿಕೆ ಏರುತ್ತಿದ್ದರೆ ಮಿತಿ ಕಿರಿದಾಗಿದೆ ಅಥವಾ ಮಾತಲ್ಲದ ಬೇರೇನೋ ಅಲ್ಲಿ ಸೇರಿಕೊಂಡಿದೆ ಎಂದರ್ಥ.

ಆದ್ಯತೆಯಿಂದ ಆಗದ ಕೆಲಸ

ದಟ್ಟಣೆಯು ದಿನವಿಡೀ ಇದ್ದರೆ ಆದ್ಯತೆಯು ಪರಿಹಾರವಾಗಲಾರದು. ಠಾಣೆ ಮತ್ತು ದಿವಾ ನಡುವೆ ದೂರ ಪ್ರಯಾಣದ ಗಾಡಿಗಳೂ ಲೋಕಲ್‌ಗಳೂ ಹಳಿಗಳನ್ನು ಹಂಚಿಕೊಳ್ಳಬೇಕಾಗಿದ್ದಾಗ ಒಂದನ್ನು ಮುಂದೆ ಬಿಟ್ಟರೆ ಇನ್ನೊಂದು ತಡವಾಗುತ್ತಿತ್ತು. 2022ರ ಫೆಬ್ರವರಿಯಲ್ಲಿ ಐದನೆಯ ಮತ್ತು ಆರನೆಯ ಹಳಿಗಳು ಉದ್ಘಾಟನೆಗೊಂಡಾಗಲೇ ಎರಡನ್ನೂ ಬೇರ್ಪಡಿಸಲು ದಾರಿಯಾಯಿತು. ಜಾಲದಲ್ಲಿಯೂ ಸದಾಕಾಲದ ಇಕ್ಕಟ್ಟಿಗೆ ಮದ್ದು ಹೆಚ್ಚಿನ ಸಾಮರ್ಥ್ಯ. ಆಗಾಗ ಬರುವ ಇಕ್ಕಟ್ಟಿಗೆ ಮದ್ದು ಆದ್ಯತೆ.

ನಮ್ಮ ಗುರುತುಗಳಿಗೆ ನಮ್ಮ ಹೊಸ್ತಿಲಿನ ಆಚೆ ಸಾಮಾನ್ಯವಾಗಿ ಬೆಲೆಯಿರುವುದಿಲ್ಲ ಎಂಬುದೂ ಗಮನಾರ್ಹ. ಸೇವಾದಾರರು ಅವನ್ನು ಅಳಿಸಬಹುದು ಅಥವಾ ಅಲಕ್ಷಿಸಬಹುದು. ಇದು ಒಂದರ್ಥದಲ್ಲಿ ಒಳ್ಳೆಯದೇ. ಕಟ್ಟಡದೊಳಗೆ ಯಾರಿಗೆ ಮೊದಲ ಸರದಿ ಎಂದು ಅಲ್ಲಿಯವರು ತಮ್ಮೊಳಗೆ ಒಪ್ಪಿ ನಿರ್ಧರಿಸುವುದು ಒಂದು. ಸಾರ್ವಜನಿಕ ಹೆದ್ದಾರಿಯಲ್ಲಿ ಹಣ ತೆತ್ತವರ ಜಾಲತಾಣಕ್ಕೆ ವೇಗ, ಉಳಿದವರಿಗೆ ತಡೆ ಎಂದು ಸೇವಾದಾರರು ನಿರ್ಧರಿಸುವುದು ಇನ್ನೊಂದು. ಭಾರತೀಯ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವು 2016ರ ಫೆಬ್ರವರಿ 8ರಂದು ವಿಷಯಾಧಾರಿತ ಭೇದದ ದರಗಳನ್ನು ನಿಷೇಧಿಸಿತು. 2017ರ ನವೆಂಬರಿನಲ್ಲಿ ಅದು ಸಲ್ಲಿಸಿದ ಶಿಫಾರಸ್ಸುಗಳನ್ನು ಸರಕಾರವು 2018ರಲ್ಲಿ ಒಪ್ಪಿಕೊಂಡಿತು. ಅವುಗಳಂತೆ ಸೇವಾದಾರರು ಯಾವುದೇ ವಿಷಯವನ್ನು ತಡೆಯುವಂತಿಲ್ಲ, ನಿಧಾನಗೊಳಿಸುವಂತಿಲ್ಲ, ವಿಶೇಷವಾಗಿ ಮುಂದೊಯ್ಯುವಂತಿಲ್ಲ. ದಟ್ಟಣೆಯ ಸಮುಚಿತ ನಿರ್ವಹಣೆಗೂ ಕೆಲವು ವಿಶಿಷ್ಟ ಸೇವೆಗಳಿಗೂ ಮಾತ್ರ ವಿನಾಯಿತಿಯಿದೆ.

ಸಂಘ ಸಂಸ್ಥೆಗಳು ತಮ್ಮ ಕಟ್ಟಡದೊಳಗಿನ ನಿಯಮವನ್ನು ರೂಪಿಸುವಾಗಲೂ ಈ ವಿವೇಕವನ್ನು ನೆನಪಿಡಬೇಕು. ಅಧ್ಯಕ್ಷರ ಗಣಕಯಂತ್ರಕ್ಕೆ ಮೇಲಿನ ದರ್ಜೆ ಸಲ್ಲಬೇಕಾದ ಕಾರಣವಿಲ್ಲ. ತಡವಾದರೆ ಕೆಡುವ ಕೆಲಸ ಯಾವುದೋ ಅದಕ್ಕೆ, ಕೆಡದಿರಲು ಎಷ್ಟು ಬೇಕೋ ಅಷ್ಟು ಮಾತ್ರ ಮೊದಲ ಸರದಿ ಸಲ್ಲಬೇಕು. ಕಾರ್ಯಕ್ರಮದ ದಿನ ಪರದೆ ಏಳುವ ಹೊತ್ತಿಗೆ ಇದನ್ನೆಲ್ಲ ಯೋಚಿಸಲು ವ್ಯವಧಾನವಿರುವುದಿಲ್ಲ. ಕನಿಷ್ಠ ಒಂದು ವಾರ ಮೊದಲೇ ಸ್ವಿಚ್‌ನ್ನು ಸಿದ್ಧಗೊಳಿಸಿ, ಎರಡೂ ಊರಿನ ಕಲಾವಿದರನ್ನು ಕೂರಿಸಿ, ಬೇಕೆಂದೇ ದೊಡ್ಡ ಕಡತವೊಂದನ್ನು ಏರಿಸುತ್ತ ಒಮ್ಮೆ ಮಾತನಾಡಿಸಿ ನೋಡುವುದು ಉತ್ತಮ.